ಐದನೆಯ ಖಣ

ಕರಿಕಟ್ಟಿ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ತೊಂಬತ್ತನಾಲ್ಕನೆಯ ಇಸವಿ

ನಮಗಿಂತ ಮುಂಚೆ ಬದುಕಿ, ನಮಗಾಗಿ ಏನೇನೋ ಉಳಿಸಿ, ಏನೇನೋ ಕೆಡಿಸಿ ಹೋದ ಹಿರಿಯರಿಗೆ ಫಕೀರವ್ವ ಕಡಕೋಳ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಎಲ್ಲ ತಿಂಗಳಿಗೂ ಮೂವತ್ತೇ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಒಟ್ಟಿಗಿಟ್ಟು ಹೊರದಿನ ಎನ್ನುತ್ತೇವೆ; ಆಗ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಶಾಲೆಯವರನ್ನು ಕೇಳಿ ಕೇಳಿ ನಿಮ್ಮ ಕಾಲದ ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಬಂದಾಗ ಮಾತ್ರ ನಮ್ಮೂರ ಮಾತು ನುಸುಳೀತು. ನನಗೆ ಸಿಟ್ಟು ಬೇಗ ಬರುತ್ತದೆ. ಊರಿಗೆಲ್ಲ ಗೊತ್ತಿರುವ ಸಂಗತಿ, ಈಗ ನಿಮಗೂ ಗೊತ್ತಾಯಿತು.

ನಮ್ಮ ಶಾಲೆಯ ಅಂಗಳದಲ್ಲಿ ಹಿಂದಂಚೆ ಎಂಬ ಪೆಟ್ಟಿಗೆ ಇದೆ. ಕಳೆದ ಕಾಲದವರಿಗೆ ಏನಾದರೂ ಹೇಳಬೇಕೆನಿಸಿದರೆ ಬರೆದು ಅದರಲ್ಲಿ ಹಾಕಬೇಕು. ತಲುಪುತ್ತದೋ ಇಲ್ಲವೋ ನೋಡಿ ಬಂದವರಿಲ್ಲ. ನಾನು ಈವರೆಗೆ ಅದರ ಗೊಡವೆಗೆ ಹೋಗಿರಲಿಲ್ಲ. ಆದರೆ ಮೊನ್ನೆ ಮಕ್ಕಳಿಗೆ ನಿಮ್ಮ ಕಾಲದ ಪತ್ರಿಕೆಯೊಂದರ ಹಾಳೆ ತೋರಿಸಿದರಂತೆ, ಅದರಲ್ಲಿ ಕೆಲಸದ ಜಾಹೀರಾತು. ವಯಸ್ಸು ಮೂವತ್ತೈದು ಮೀರಿರಬಾರದು, ಹೊರದೇಶದವರು ಅರ್ಜಿ ಹಾಕಬೇಕಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಒಂದು ಹುಡುಗಿ ಓಡಿ ಬಂದು ನನ್ನ ಸೆರಗು ಜಗ್ಗಿ, ಆಗಿನ ಜನ ಮೂವತ್ತೈದಕ್ಕೇ ಸಾಯ್ತಿದ್ದರಾ ಅಜ್ಜಿ ಎಂದು ಕೇಳಿತು. ಇಲ್ಲವ್ವಾ, ಎಪ್ಪತ್ತು ಎಂಬತ್ತರ ತನಕ ಬದುಕ್ತಿದ್ದರು ಅಂದೆ. ಮತ್ತೆ ಮಿಕ್ಕ ವರ್ಷ ಏನು ಮಾಡ್ತಿದ್ದರು ಎಂದಿತು. ಆ ಪ್ರಶ್ನೆಯನ್ನು ನಿಮಗೇ ಒಪ್ಪಿಸೋಣ ಎಂದುಕೊಂಡು ಕೂತೆ, ಕೂತ ಮೇಲೆ ಬೇರೆ ಕಥೆಯೇ ನೆನಪಾಯಿತು.

ನಾನು ಈ ಊರಿನ ನೀರಗಂಟಿ. ಎಪ್ಪತ್ತೊಂದು ವರ್ಷ. ನಿಮ್ಮ ಕಾಲಕ್ಕೂ ಹಿಂದೆ ಕೆರೆಯ ತೂಬೆತ್ತಿ ಗದ್ದೆಗೆ ನೀರು ಹಂಚುವವರನ್ನು ಹಾಗೆ ಕರೆಯುತ್ತಿದ್ದರಂತೆ. ಹೆಸರು ಚೆನ್ನಾಗಿದೆ ಎಂದು ನಾವು ಉಳಿಸಿಕೊಂಡೆವು. ಗುಡ್ಡದ ಮೇಲಿನ ಗಾಳಿಕಂಬಗಳು ತಿರುಗಿ ಕೆಳಗಿನ ಹೊಂಡದ ನೀರನ್ನು ಮೇಲಿನ ತೊಟ್ಟಿಗೆ ಏರಿಸುತ್ತವೆ. ಅಲ್ಲಿಂದ ಓಣಿ ಓಣಿಗೆ ಸರದಿಯ ಮೇಲೆ ಬಿಡುವುದು ನಮ್ಮ ಕೆಲಸ. ಮೊದಲು ಇದನ್ನು ಯಂತ್ರವೇ ಮಾಡುತ್ತಿತ್ತು. ಆದರೆ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಯಲ್ಲಿ ಸಾವಾಗಿದೆ, ಯಾರು ಇವತ್ತು ಹಪ್ಪಳಕ್ಕೆ ಕೂತಿದ್ದಾರೆ ಎಂಬುದು ಯಂತ್ರಕ್ಕೆ ತಿಳಿಯದು. ಊರು ಬೇಸತ್ತು ಮತ್ತೆ ಮನುಷ್ಯರನ್ನೇ ಇಟ್ಟಿತು. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು ಹೋಗಿ, ಓಣಿಯ ಮೂಲೆಯ ಗುಂಡಿಯೊಳಗೆ ಇಳಿಬಿಟ್ಟು ತಿರುಗಿಸಬೇಕು. ಬೇಸಿಗೆಯಲ್ಲಿ ಕೀಲಿ ಅಂಗೈ ಸುಡುತ್ತದೆ. ನೀರು ಹೆಚ್ಚು ಬಂದರೂ ಬೈಗುಳ, ಕಡಿಮೆ ಬಂದರೂ ಬೈಗುಳ. ಸಂಬಳವನ್ನು ಊರು ಕೊಡುತ್ತದೆ, ಬೈಗುಳವನ್ನು ಓಣಿ ಕೊಡುತ್ತದೆ. ಎರಡೂ ಕೈಸೇರಿದರೇ ನೀರಗಂಟಿ ಎಂದು ನನಗೆ ಕಲಿಸಿದವರು ಹೇಳಿದ್ದರು.

ನಮ್ಮಲ್ಲಿ ಯಾವ ಕೆಲಸಕ್ಕೂ ಬರಿಗೈ ಅರ್ಜಿ. ಅಂದರೆ ನಿಮಗೆ ಏನು ಬರುತ್ತದೆ, ಏನು ಕಲಿಯಬೇಕೆಂದಿದ್ದೀರಿ, ಇವೆರಡೇ ಬರೆಯಬೇಕು. ಹುಟ್ಟಿದ ವರ್ಷ, ಹುಟ್ಟಿದ ದೇಶ, ಅಡ್ಡಹೆಸರು ಯಾವುದೂ ಇಲ್ಲ. ಕೆಲಸ ಕೊಡುವ ಮುಂಚೆ ವಯಸ್ಸೆಷ್ಟು, ಯಾವೂರು ಎಂದು ಯಾರೂ ಕೇಳುವಂತಿಲ್ಲ. ಯಾವೂರು ಎಂದು ಕೇಳದೆ ಕನ್ನಡದವರಿಗೆ ಮಾತು ಶುರು ಮಾಡಲು ಬರುತ್ತದೆಯೇ! ಆ ಕಾನೂನು ಬಂದ ಹೊಸದರಲ್ಲಿ ನಮ್ಮ ಮುತ್ತಜ್ಜಿಯರು ನಾಲಿಗೆ ಕಚ್ಚಿಕೊಂಡು ಕಚ್ಚಿಕೊಂಡು ಕೊನೆಗೆ ಊಟ ಆಯ್ತಾ ಎಂಬಲ್ಲಿಂದ ಮಾತು ಶುರು ಮಾಡುವುದನ್ನು ರೂಢಿ ಮಾಡಿಕೊಂಡರಂತೆ.

ಇದೆಲ್ಲ ಒಳ್ಳೆಯ ಬುದ್ಧಿ ಬಂದು ಆದದ್ದೆಂದು ತಿಳಿಯಬೇಡಿ. ಆಳು ಸಿಗದೆ ಆದದ್ದು. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಎಲ್ಲ ದೇಶಗಳಲ್ಲೂ ಮಕ್ಕಳು ಕಡಿಮೆಯಾಗಿ, ಹರೆಯದವರನ್ನು ಹುಡುಕಿ ಹುಡುಕಿ ಸುಸ್ತಾದ ಮೇಲೆ ನರೆಗೂದಲು ಕಣ್ಣಿಗೆ ಬಿತ್ತು. ಮೊದಮೊದಲು ಅದರಲ್ಲೂ ಒಂದು ಮೋಸವಿತ್ತು. ಮುದುಕರಾದರೆ ಹತ್ತು ಹರೆಯದವರ ಕೆಲಸ ಮಾಡಬೇಕು, ಪರದೇಶದವರಾದರೆ ಊರವರು ಬೆರಗಾಗುವಷ್ಟು ಜಾಣರಿರಬೇಕು. ಅಂಥವರನ್ನು ಮಾತ್ರ ತೆಗೆದುಕೊಂಡು, ನೋಡಿ ನಾವು ಎಷ್ಟು ಉದಾರಿಗಳು ಎನ್ನುತ್ತಿದ್ದರು. ಇಪ್ಪತ್ತೈದರ ಸ್ಥಳೀಯ ಹುಡುಗ ಸಾಧಾರಣ ಇದ್ದರೆ ನಡೆಯುತ್ತಿತ್ತು. ಬಹಳ ಜನ ಜಗಳವಾಡಿದ ಮೇಲೆ ಸಾಧಾರಣದ ಹಕ್ಕು ಎಂಬುದು ಬಂತು. ಎಲ್ಲರಂತೆ ಸಾಧಾರಣವಾಗಿ ಕೆಲಸ ಮಾಡಿ, ಎಲ್ಲರಂತೆ ಅಷ್ಟಿಷ್ಟು ತಪ್ಪು ಮಾಡಿ, ಎಲ್ಲರಂತೆ ಸಂಬಳ ಎಣಿಸಿಕೊಳ್ಳುವ ಹಕ್ಕು. ನಾನು ಅದರ ದೊಡ್ಡ ಫಲಾನುಭವಿ. ಈ ಜಿಲ್ಲೆಯಲ್ಲಿ ನನಗಿಂತ ಚುರುಕಾದ ನೀರಗಂಟಿಗಳು ಬೇಕಾದಷ್ಟು ಇದ್ದಾರೆ, ನನಗೆ ಅದರಿಂದ ಒಂದು ದಿನವೂ ನಿದ್ದೆ ಕೆಟ್ಟಿಲ್ಲ.

ಇನ್ನು ಕಥೆಗೆ ಬರುತ್ತೇನೆ. ನಮ್ಮಲ್ಲಿ ಎಲ್ಲವೂ ಜೋಡಿಗೆಲಸ, ಒಂದು ಕೆಲಸಕ್ಕೆ ಇಬ್ಬರು. ನನ್ನ ಜೋಡಿ ರುದ್ರಪ್ಪ ಆರು ವರ್ಷದ ಹಿಂದೆ, ತನ್ನ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಹಾರ್ಮೋನಿಯಂ ರಿಪೇರಿ ಕಲಿಯುತ್ತೇನೆಂದು ಮೀರಜಿಗೆ ಹೊರಟುಹೋದ. ಆ ಜಾಗಕ್ಕೆ ಬಂದ ಅರ್ಜಿಯಲ್ಲಿ ಹೀಗಿತ್ತು: ನಡೆಯಲು ಬರುತ್ತದೆ, ಸರದಿ ನೆನಪಿಡಲು ಬರುತ್ತದೆ, ಇಲ್ಲಿನ ಮಾತು ಕಲಿಯಬೇಕೆಂದಿದ್ದೇನೆ. ಹೆಸರು ಅವಾದಿಯಾ. ನನಗೆ ಅಷ್ಟು ಸಾಕಾಗಿತ್ತು. ಬಂದಾಗ ನೋಡಿದರೆ ನನ್ನ ವಾರಗೆಯ ಹೆಂಗಸು, ತಲೆಯ ಮೇಲೆ ಹೊದ್ದ ಹಳದಿ ಬಟ್ಟೆ, ಅದರಡಿಯಲ್ಲಿ ಪೂರಾ ಬೆಳ್ಳಗಾದ ಕೂದಲು. ಸೂಡಾನಿನವಳು ಎಂಬುದು ಆಮೇಲೆ ತಿಳಿಯಿತು. ನೈಲ್ ನದಿ ಪಾತ್ರ ಬದಲಿಸಿದಾಗ ಅವಳ ಊರು ಖಾಲಿಯಾಗಿತ್ತು. ಹೊಸದಾಗಿ ಬಂದವರಿಗೆ ನಮ್ಮ ನಾಡು ಮೂರು ತಿಂಗಳ ನೆರಳುಕಾಲ ಕೊಡುತ್ತದೆ. ಊಟ ವಸತಿ ಊರಿನದು. ಅಷ್ಟರೊಳಗೆ ಎಲ್ಲಾದರೂ ಕೆಲಸ ಸಿಕ್ಕರೆ ಅದೇ ಅವರ ಊರು. ಸಿಗದಿದ್ದರೆ ಕಾರವಾರದ ಬಂದರಿಗೆ ಹೋಗಿ, ಮತ್ತೆ ಯಾವ ದೇಶ ಕರೆಯುತ್ತದೋ ಎಂದು ಹಡಗು ಕಾಯಬೇಕು. ಅವಾದಿಯಾಳ ನೆರಳುಕಾಲದಲ್ಲಿ ಉಳಿದದ್ದು ಎರಡೇ ವಾರ. ಹಿಂದಕ್ಕೆ ಹೋಗಲು ಅವಳಿಗೆ ಊರಿರಲಿಲ್ಲ.

ಒಂದು ವಾರ ಒಗ್ಗುವಾರ. ಬಂದವರು ಕೆಲಸ ಮಾಡಬೇಕು, ವಾರದ ಕೊನೆಗೆ ಓಣಿಗಳವರು ಸೇರಿ, ಇವರು ನಮ್ಮ ನೀರು ಬಿಡಲಿ ಎಂದು ಹೇಳಬೇಕು. ಮೊದಲ ದಿನ ಕುಂಬಾರ ಓಣಿಗೆ ಇಬ್ಬರೂ ಹೋದೆವು. ಆ ಓಣಿಯ ಹಿರಿಯಳು ಗುರಲಿಂಗವ್ವ, ಊರ ಸಭೆಗೂ ಅವಳೇ ಮುಂದಾಳು. ಕೈ ದೊಡ್ಡದು, ಮನಸ್ಸು ದೊಡ್ಡದು, ದನಿ ಎರಡಕ್ಕಿಂತ ದೊಡ್ಡದು. ಅವಾದಿಯಾಳನ್ನು ನೋಡಿದ್ದೇ ತಡ, "ಅಯ್ಯ ಯವ್ವಾ, ಎಷ್ಟ ದೂರದಿಂದ ಬಂದೀರಿ, ಬಿಸಿಲಾಗ ನಿಂತೀರಲ್ಲ, ಬರ್ರಿ ಕುಂದರ್ರಿ" ಎಂದು ಕಟ್ಟೆಯ ಮೇಲೆ ಕುರ್ಚಿ ಹಾಕಿದಳು. ಮಜ್ಜಿಗೆ ಬಂತು, ಮಾದಲಿ ಬಂತು, ಮಾದಲಿಯ ಮೇಲೆ ತುಪ್ಪ ಬಂತು. ಅವಾದಿಯಾಳ ಕೈಯಿಂದ ಕೀಲಿ ಇಸಿದುಕೊಂಡು, ಈ ವಯಸ್ಸಿನಾಗ ನಿಮಗ ಯಾಕ್ರೀ ಇದು ಎಂದು ಗುರಲಿಂಗವ್ವನ ಮಗನೇ ಹೋಗಿ ನೀರು ಬಿಟ್ಟು ಬಂದ. ನಾನು ಅವಾದಿಯಾಳಿಗಿಂತ ಎರಡು ವರ್ಷ ದೊಡ್ಡವಳು. ನನ್ನನ್ನು ಬಿಸಿಲಲ್ಲೇ ನಿಲ್ಲಿಸಿ, ನಿನ್ನೆ ನೀರು ಸಣ್ಣಗೆ ಯಾಕೆ ಬಂತು ಫಕೀರವ್ವಾ ಎಂದು ತರಾಟೆಗೆ ತೆಗೆದುಕೊಂಡರು.

ವಾರವಿಡೀ ಇದೇ ಆಯಿತು. ಬಣಗಾರ ಓಣಿಯಲ್ಲಿ ಅವಲಕ್ಕಿ, ತೇರಿನ ಬೀದಿಯಲ್ಲಿ ಗಿರಮಿಟ್ಟು, ಮಸೀದಿ ಓಣಿಯಲ್ಲಿ ಸುರಕುಂಬಾ. ಒಂದು ಓಣಿಯಲ್ಲೂ ಅವಾದಿಯಾ ಕೀಲಿ ತಿರುಗಿಸಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಿಮ್ಮಲ್ಲೂ ಇತ್ತಲ್ಲ. ನಮ್ಮವರು ಕೈ ಕೆಸರಾಗಲು ಬಿಡದೆಯೇ ಬಾಯಿಗೆ ಮೊಸರು ಹಾಕಿದರು. ಅವಳು ಪ್ರತಿ ಮನೆಯಲ್ಲೂ ನಗುತ್ತ ಉಣ್ಣುತ್ತಿದ್ದಳು. ಹೊರಗೆ ಬಂದ ಮೇಲೆ ಮುಖ ಸಣ್ಣದಾಗುತ್ತಿತ್ತು. ಹೊಟ್ಟೆ ಭಾರವೇನೋ ಎಂದು ನಾನು ಬೆಪ್ಪಳ ಹಾಗೆ ಅಜವಾನ ಕೊಟ್ಟೆ.

ವಾರದ ಕೊನೆಗೆ ಚಾವಡಿಯಲ್ಲಿ ಸಭೆ ಸೇರಿತು. ಎಂಥ ಹೊಗಳಿಕೆ ಅಂತೀರಿ! ದೇವರಂಥಾ ಹೆಣ್ಣುಮಗಳು, ತಾಯಿಯಂಥಾಕಿ, ಆಕಿ ಕಾಲಿಟ್ಟದ್ದಕ್ಕ ನಮ್ಮ ಓಣಿ ಪಾವನ ಆತು. ಕೊನೆಗೆ ಗುರಲಿಂಗವ್ವ ಎದ್ದು, ಇಂಥ ಅತಿಥಿಗೆ ಕಬ್ಬಿಣ ಹೊರಿಸಿದರೆ ದೇವರು ಮೆಚ್ಚುತ್ತಾನೇನು, ನೀರಿಗೆ ಯಾರನ್ನಾದರೂ ಗಟ್ಟಿ ಹುಡುಗರನ್ನು ನೋಡೋಣ, ಇವರಿಗೆ ಉಡಿ ತುಂಬಿ ಕಳಿಸೋಣ ಎಂದಳು. ಅವಳ ಕಣ್ಣಲ್ಲಿ ನಿಜವಾಗಿ ನೀರಿತ್ತು. ಉಡಿ ತುಂಬುವುದು ನಿಮ್ಮ ಕಾಲದಲ್ಲಿ ಮುತ್ತೈದೆಯರಿಗೆ ಮಾತ್ರವಂತೆ. ನಮ್ಮಲ್ಲಿ ಗೌರವದಿಂದ ಬೀಳ್ಕೊಡುವ ಯಾರಿಗಾದರೂ ತುಂಬುತ್ತೇವೆ: ಅಕ್ಕಿ, ಕಾಯಿ, ಮೇಲೊಂದು ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ರುದ್ರಪ್ಪನಿಗೂ ತುಂಬಿದ್ದೆವು, ಅವನು ಟವೆಲ್ಲಿನಲ್ಲಿ ಹಿಡಿದ. ತಾಟು ಸಿದ್ಧವಾಗಿಯೇ ಇತ್ತು. ಗುರಲಿಂಗವ್ವ ಅದನ್ನೆತ್ತಿಕೊಂಡು ಅವಾದಿಯಾಳ ಮುಂದೆ ಬಂದಳು.

ಅವಾದಿಯಾ ಸೆರಗೊಡ್ಡಲಿಲ್ಲ. ಪಕ್ಕದಲ್ಲಿದ್ದ ಚೀಲ ಬಿಚ್ಚಿ, ಮಡಚಿದ ಖಣಗಳನ್ನು ಒಂದೊಂದಾಗಿ ಜಮಖಾನದ ಮೇಲೆ ಇಟ್ಟಳು. ಕೆಂಪು, ಹಸಿರು, ಬದನೆ ಬಣ್ಣ, ನೀಲಿ. ಮಡಿಕೆ ಸಹ ಬಿಚ್ಚಿರಲಿಲ್ಲ. ಆಮೇಲೆ ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದಳು: "ನಾಲ್ಕು ಊರು. ನಾಲ್ಕು ಖಣ. ಎಲ್ಲರೂ ಒಳ್ಳೇವರು. ನಾನು ಈಗ ಬಟ್ಟಿ ಅಂಗಡಿ ಹಾಕಲೇನು?"

ಗುರಲಿಂಗವ್ವನ ತಾಟಿನಲ್ಲಿದ್ದ ಐದನೆಯ ಖಣ ಕುಂಕುಮದ ಬಣ್ಣದ್ದು, ಅದು ಅಲ್ಲೇ ಕುಳಿತಿತ್ತು. ನಾವು ಕಾನೂನನ್ನು ಒಂದಿಷ್ಟೂ ಮುರಿದಿರಲಿಲ್ಲ ನೋಡಿ. ಯಾರೂ ವಯಸ್ಸು ಕೇಳಿರಲಿಲ್ಲ, ದೇಶ ಕೇಳಿರಲಿಲ್ಲ. ಕೇಳದೆಯೇ ಕುರ್ಚಿ ಹಾಕಿದ್ದೆವು. ನಿಮ್ಮ ಕಾಲದವರು ಜಾಹೀರಾತಿನಲ್ಲೇ ಬರಬೇಡಿ ಎಂದು ಬರೆದು ಹಾಕಿದರು, ಬೈದು ಕಳಿಸಿದರು. ಅಂಥವರ ಜೊತೆ ಜಗಳಕ್ಕಾದರೂ ನಿಲ್ಲಬಹುದು. ಮಾದಲಿ ತಿನ್ನಿಸಿ ಕಳಿಸುವವರ ಹತ್ತಿರ ಏನೆಂದು ಜಗಳ ತೆಗೆಯುವುದು? ಮೊಣಕೈಗೆ ಬೆಲ್ಲ ಹಚ್ಚುವುದು ಅಂತಾರಲ್ಲ, ನಾವು ಅದನ್ನೇ ಮಾಡಿದ್ದೆವು.

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತು ಕೂಗಿದೆ. "ಏನ್ರೀ, ನೀವು ದಿನಾ ಬಡಿದು ತಿನ್ನೋ ಜೋಳ ಎಲ್ಲಿಂದ ಬಂತು? ಆಕಿ ನಾಡಿನ ಕಡೆಯಿಂದ ಬಂತು, ಯಾವುದೋ ಕಾಲದಾಗ. ಅದಕ್ಕೂ ಉಡಿ ತುಂಬಿ ವಾಪಸ್ ಕಳಿಸಿದ್ರೇನು? ನೆಲದಾಗ ಹಾಕಿದ್ರಿ, ಮಳಿ ಬಿಸಿಲು ಉಣಿಸಿದ್ರಿ, ಕಲ್ಲಿಗೆ ಹಾಕಿ ಬೀಸಿದ್ರಿ, ಆಮ್ಯಾಲೆ ಅದು ನಿಮ್ಮ ಜೋಳ ಆತು. ಈಕಿಗೂ ಬಿಸಿಲಾಗ ನಿಂದರಾಕ ಬಿಡ್ರಿ. ನನಗ ಹ್ಯಾಂಗ ಬೈತೀರಿ, ಹಂಗ ಈಕಿಗೂ ಬೈರಿ!"

ಸಭೆ ಒಪ್ಪಿತು. ನೆರಳುಕಾಲದ ಉಳಿದ ಒಂದೇ ವಾರ ಇನ್ನೊಂದು ಒಗ್ಗುವಾರವಾಯಿತು. ಕುರ್ಚಿ ಇಲ್ಲ, ಮಜ್ಜಿಗೆ ಇಲ್ಲ, ಕೀಲಿ ಅವಳ ಕೈಯಲ್ಲೇ. ಆದರೆ ಬೈಯಿರಿ ಎಂದರೆ ಬೈಗುಳ ಬರುತ್ತದೆಯೇ? ಬಣಗಾರ ಓಣಿಯ ಗಂಡಸೊಬ್ಬ ಎದೆಯುಬ್ಬಿಸಿಕೊಂಡು ಬಂದು, ಏನ್ರೀ ಅವಾದಿಯಾ ಬಾಯಾರ, ಸ್ವಲ್ಪ ತಡ ಆತು ಅನಸ್ತದ, ತಪ್ಪ ತಿಳೀಬ್ಯಾಡ್ರಿ ಎಂದು ಕೈಮುಗಿದ. ನಾಟಕದ ಮೊದಲ ದಿನದ ತಾಲೀಮಿನಂತಿತ್ತು. ಅವಾದಿಯಾ ಮಾತ್ರ ದಿನದಿನಕ್ಕೆ ಕೆಲಸಕ್ಕೆ ಒಗ್ಗುತ್ತ ಬಂದಳು. ಅಸಾಧಾರಣವೇನಲ್ಲ, ನನ್ನಷ್ಟೇ, ಒಂದೆರಡು ಸಲ ಗುಂಡಿ ಮುಚ್ಚಲು ಮರೆತಳು. ಆದರೂ ಓಣಿಗಳು ಇನ್ನೂ ಬಹುವಚನದಲ್ಲೇ ನಿಂತಿದ್ದವು. ಶನಿವಾರದ ಹೊತ್ತಿಗೆ ಅವಳು ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು.

ಭಾನುವಾರ ಕೊನೆಯ ದಿನ. ಕುಂಬಾರ ಓಣಿಯ ಸರದಿ ಅವಳದು, ನಾನು ಹಿಂದೆ ನಡೆಯುತ್ತಿದ್ದೆ. ಅಲ್ಲಿ ಒಂದೇ ಮೂಲೆಯಲ್ಲಿ ಎರಡು ಗುಂಡಿ ಇವೆ. ನಾನೇ ನನ್ನ ಕಾಲದಲ್ಲಿ ಎಷ್ಟೋ ಸಲ ತಪ್ಪಿದ ಜಾಗ. ಅವಾದಿಯಾ ಕುಂಬಾರ ಓಣಿಯ ನೀರು ಬಂದ್ ಮಾಡಿ ಪಕ್ಕದ ಓಣಿಗೆ ತಿರುಗಿಸಿಬಿಟ್ಟಳು. ಅಷ್ಟರಲ್ಲಿ ಧಡಾರನೆ ಬಾಗಿಲು ತೆರೆಯಿತು. ಗುರಲಿಂಗವ್ವ! ತಲೆಯ ತುಂಬ ಸೀಗೆಕಾಯಿ, ಒಂದು ಕಣ್ಣು ಮುಚ್ಚಿದೆ, ಸೀರೆ ಹೇಗೋ ಸುತ್ತಿಕೊಂಡಿದ್ದಾಳೆ.

"ಏ ಅವಾದಿಯಾ! ಕಣ್ಣ ಎಲ್ಲಿ ಇಟ್ಟಿ? ನಾ ಇಲ್ಲಿ ತಲಿಗೆ ಹಚ್ಚಿಕೊಂಡ ಕುಂತೀನಿ, ನೀ ನನ್ನ ನೀರ ಒಯ್ದು ಯಾರಿಗ ಕೊಟ್ಟಿ? ಕಣ್ಣ ಉರ್ಯಾಕತ್ತಾವ ನನ್ನವು, ಮೊದಲ ನೀರ ಬಿಡ!"

ಅವಾದಿಯಾ ಬೆಚ್ಚಿದಳು. ಆಮೇಲೆ ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ನೋಡಿದೆ. ಸೊಂಟದ ಮೇಲೆ ಕೈಯಿಟ್ಟು, ವಾರವಿಡೀ ನನ್ನ ಬಾಯಿಂದ ಕೇಳಿದ್ದನ್ನೆಲ್ಲ ಒಟ್ಟುಮಾಡಿ ತಿರುಗಿ ಕೂಗಿದಳು. "ಒಂದು ಗಳಿಗಿ ತಡಿ! ನನಗೆ ಎರಡೇ ಕೈ! ನಿನ್ನ ಕೂದಲ ಎಲ್ಲೂ ಓಡಿ ಹೋಗೂದಿಲ್ಲ!"

ಓಣಿಯ ಬಾಗಿಲುಗಳೆಲ್ಲ ತೆರೆದವು. ಒಬ್ಬಳು ನನ್ನ ಕೊಡ ಅರ್ಧಕ್ಕೇ ನಿಂತಿದೆ ಎಂದಳು, ಇನ್ನೊಬ್ಬಳು ದಿನಾ ಇದೇ ಹಣೆಬರಹ ಎಂದಳು, ಯಾರೋ ಮೇಲಿನಿಂದ, ಫಕೀರವ್ವ ಕಲಿಸಿದ್ದಲ್ಲವಾ, ಮತ್ತ ಹ್ಯಾಂಗ ಇರತೈತಿ ಎಂದರು. ಒಬ್ಬರೂ ಕುರ್ಚಿ ತರಲಿಲ್ಲ. ಅವಾದಿಯಾ ಎಲ್ಲರಿಗೂ ಉತ್ತರ ಕೊಡುತ್ತ ಸರಿಯಾದ ಗುಂಡಿಗೆ ಕೀಲಿ ಇಳಿಬಿಟ್ಟಳು. ನಾನು ಗೋಡೆ ಹಿಡಿದುಕೊಂಡು ಅತ್ತೆ. ನಗುವೂ ಬರುತ್ತಿತ್ತು.

ಅವತ್ತು ಸಂಜೆಯ ಸಭೆಯಲ್ಲಿ ಕೇಳಲು ಏನೂ ಉಳಿದಿರಲಿಲ್ಲ. ಗುರಲಿಂಗವ್ವ ನಾಚಿಕೊಂಡು ಅದೇ ತಾಟು ಹಿಡಿದು ಬಂದಳು. ಇದು ಕಳಿಸೂ ಉಡಿ ಅಲ್ಲವ್ವಾ, ಇಟ್ಟುಕೊಳ್ಳೂ ಉಡಿ ಎಂದಳು. ಅವಾದಿಯಾ ಅಕ್ಕಿ, ಕಾಯಿ ಸೆರಗಿಗೆ ಹಾಕಿಸಿಕೊಂಡಳು. ಖಣವನ್ನು ಎತ್ತಿ, ಎಲ್ಲರೆದುರಿಗೇ ಉದ್ದಕ್ಕೆ ಹರಿದು, ಕೈ ಸುಡುತ್ತದೆ ಎಂದು ಕಬ್ಬಿಣದ ಕೀಲಿಯ ಹಿಡಿಗೆ ಸುತ್ತಿದಳು. ಗುಳೇದಗುಡ್ಡದ ಖಣ ಹರೀತಾರೇನ ಹುಚ್ಚಿ ಎಂದು ಗುರಲಿಂಗವ್ವ ಮತ್ತೆ ಶುರು ಮಾಡಿದಳು. ಮಿಕ್ಕ ನಾಲ್ಕು ಖಣ ಮಾತ್ರ ವರ್ಷದ ತನಕ ಕಟ್ಟಿದ ಚೀಲದಲ್ಲೇ ಇದ್ದವು. ಯಾಕೆ ಎಂದು ನಾನು ಕೇಳಲಿಲ್ಲ, ಯಾಕೆಂದು ಗೊತ್ತಿತ್ತು. ಮರುವರ್ಷದ ಹೊರದಿನಗಳಲ್ಲಿ ಅವಳ ಮನೆಗೆ ಹೋದಾಗ ಚೀಲ ಖಾಲಿಯಾಗಿ ಗೂಟಕ್ಕೆ ತೂಗುತ್ತಿತ್ತು. ಹಾಸಿಗೆಯ ಮೇಲೆ ಹೊಸ ಕೌದಿ, ಅದರ ನಡುವೆ ಕೆಂಪು, ಹಸಿರು, ಬದನೆ ಬಣ್ಣ, ನೀಲಿ.

ಹಿರಿಯರೇ, ನಿಮ್ಮಲ್ಲಿ ಈಗ ಯಾರೋ ಒಬ್ಬರು, ಐವತ್ತು ದಾಟಿದವರೋ, ಬೇರೆ ದೇಶದವರೋ, ನಾಲ್ಕನೆಯ ಬಾಗಿಲಿನಿಂದ ಹೊರಬಿದ್ದು ಐದನೆಯದಕ್ಕೆ ಹೋಗುತ್ತಿರಬಹುದು. ಅವರಿಗೆ ಹೇಳಿ, ಆ ಬಾಗಿಲು ಇದೆ, ನಾನು ಅದರ ಒಳಗಿನಿಂದಲೇ ಬರೆಯುತ್ತಿದ್ದೇನೆ. ಬಾಗಿಲ ಒಳಗಿರುವ ನಿಮಗೆ ಒಂದೇ ಬೇಡಿಕೆ. ಬಾಯಿಮಾತಿಗೆ ಹೊಗಳಬೇಡಿ, ಅವರ ಅನುಭವ ದೊಡ್ಡದು, ನಮ್ಮ ಕೆಲಸ ಅವರಿಗೆ ಚಿಕ್ಕದು ಎಂದೆಲ್ಲ ಹೇಳಿ ಚಹಾ ಕುಡಿಸಿ ಕಳಿಸಬೇಡಿ. ಕೀಲಿ ಕೊಡಿ. ತಪ್ಪು ಗುಂಡಿಗೆ ಹಾಕಿದರೆ ಬೈಯಿರಿ, ನಾಳೆ ಮತ್ತೆ ಬಾ ಎನ್ನಿ. ಸೆರಗು ಜಗ್ಗಿ ಕೇಳಿದ ಆ ಹುಡುಗಿಗೂ ಕಡೆಗೆ ಇದನ್ನೇ ಹೇಳುತ್ತೇನೆ, ಮೂವತ್ತೈದರ ಮೇಲಿನ ವರ್ಷಗಳಲ್ಲಿ ಅವರು ಬಾಗಿಲು ತಟ್ಟುತ್ತಿದ್ದರವ್ವಾ, ತಟ್ಟಿ ತಟ್ಟಿಯೇ ಇದು ತೆರೆದದ್ದು ಎಂದು.

ಇನ್ನೂ ಬರೆಯುವುದಿತ್ತು. ಆದರೆ ಹೊರಗೆ ಅವಾದಿಯಾ ಖಣ ಸುತ್ತಿದ ಕೀಲಿಯಿಂದ ನನ್ನ ಬಾಗಿಲು ಕುಟ್ಟುತ್ತಿದ್ದಾಳೆ. "ಏ ಮುದುಕಿ, ಸತ್ತವರಿಗೆ ಆಮ್ಯಾಲೆ ಬರಿ! ಇದ್ದವರು ನೀರಿಗೆ ಕಾಯಾಕತ್ತಾರ!"

ಬಂದೆ ಎಂದು ಕೂಗಿದ್ದೇನೆ. ಶರಣು.